ಹಿಮ್ಮಡಿಯಿಂದ ತೆಗೆದ ಒಂದು ಹನಿ: ಎಳೆಗೂಸುಗಳ ಥೈರಾಯ್ಡ್ ಕೊರತೆಯ ಪತ್ತೆಯ ಕಥೆ

ಇಬ್ಬರು ಮಕ್ಕಳ ಕತ್ತಿನಲ್ಲಿ ಥೈರಾಯ್ಡ್ ಗ್ರಂಥಿಯೇ ಇರಲಿಲ್ಲ ಎಂದು ಲಂಡನ್ನಿನ ಶಸ್ತ್ರವೈದ್ಯ ಥಾಮಸ್ ಕರ್ಲಿಂಗ್ 1850ರಲ್ಲಿ ದಾಖಲಿಸಿದರು. ಮದ್ದು ಸಿಗಲು ನಾಲ್ಕು ದಶಕಗಳು ಬೇಕಾದವು. 1891ರಲ್ಲಿ ನ್ಯೂಕ್ಯಾಸಲ್‌ನ ಜಾರ್ಜ್ ಮರ್ರೆ ಕುರಿಯ ಥೈರಾಯ್ಡ್ ಗ್ರಂಥಿಯ ರಸವನ್ನು ಚುಚ್ಚುಮದ್ದಾಗಿ ಕೊಟ್ಟು ಈ ಕೊರತೆಯಿದ್ದ ಮಹಿಳೆಯೊಬ್ಬರನ್ನು ಗುಣಪಡಿಸಿದರು. ಆಕೆ ಮುಂದೆ 28 ವರ್ಷ ಬಾಳಿದರು. 1914ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಕೆಂಡಾಲ್ ಈ ಗ್ರಂಥಿಯ ಹಾರ್ಮೋನಾದ ಥೈರಾಕ್ಸಿನ್ನನ್ನು ಬೇರ್ಪಡಿಸಿದರು, 1927ರ ಹೊತ್ತಿಗೆ ಅದು ಪ್ರಯೋಗಾಲಯದಲ್ಲೇ ತಯಾರಾಯಿತು.

ಆದರೂ ಈ ಕೊರತೆಯಿಂದ ಮಕ್ಕಳ ಬುದ್ಧಿ ಮಂಕಾಗುವುದು ನಿಲ್ಲಲಿಲ್ಲ. ಗರ್ಭದಲ್ಲಿ ತಾಯಿಯ ಹಾರ್ಮೋನು ಸ್ವಲ್ಪಮಟ್ಟಿಗೆ ಕಾಪಾಡುವುದರಿಂದ ಇಂಥ ಮಗು ಹುಟ್ಟುವಾಗ ಎಲ್ಲರಂತೆಯೇ ಕಾಣುತ್ತದೆ. ಆಮೇಲೆ ಕಾಮಾಲೆ ಬೇಗ ಇಳಿಯುವುದಿಲ್ಲ, ಮಲಬದ್ಧತೆ ಕಾಡುತ್ತದೆ, ಹೊಕ್ಕುಳು ಉಬ್ಬುತ್ತದೆ, ಅಳು ಗೊಗ್ಗರಾಗುತ್ತದೆ. ಸದಾ ನಿದ್ದೆಯಲ್ಲಿರುವ ಕೂಸನ್ನು ಕಂಡು "ಪುಣ್ಯಾತ್ಮ, ಅಳೋದೇ ಇಲ್ಲ" ಎಂದು ಅಜ್ಜಿಯರು ಮೆಚ್ಚುವುದೂ ಉಂಟು. ಆ ಮೆಚ್ಚುಗೆಯಲ್ಲೇ ತಿಂಗಳುಗಳು ಉರುಳುತ್ತವೆ. 1972ರಲ್ಲಿ ಪಿಟ್ಸ್‌ಬರ್ಗ್‌ನ ವೈದ್ಯರು ಈ ವಿಳಂಬದ ಬೆಲೆಯನ್ನು ಲೆಕ್ಕಹಾಕಿದರು. ಮೂರು ತಿಂಗಳೊಳಗೆ ಚಿಕಿತ್ಸೆ ಸಿಕ್ಕ ಮಕ್ಕಳ ಸರಾಸರಿ ಐಕ್ಯೂ 89, ಆರು ತಿಂಗಳು ದಾಟಿದವರದು 54.

ಈ ಕ್ಷೇತ್ರದ ದಿಕ್ಕು ಬದಲಿಸಿದ್ದು, ನನ್ನ ಮಟ್ಟಿಗೆ, ಒಂದು ಕಾಗದದ ಚೂರು. ಅಮೆರಿಕದ ರಾಬರ್ಟ್ ಗತ್ರಿ 1960ರ ದಶಕದಲ್ಲಿ ಬೇರೊಂದು ಕಾಯಿಲೆಯ ಪತ್ತೆಗಾಗಿ ಫಿಲ್ಟರ್ ಪೇಪರಿನ ಮೇಲೆ ರಕ್ತ ಒಣಗಿಸುವ ಕ್ರಮವನ್ನು ಬಳಕೆಗೆ ತಂದಿದ್ದರು. ಅದೇ ಕಾಗದದಲ್ಲಿ ಥೈರಾಯ್ಡ್ ಹಾರ್ಮೋನನ್ನೂ ಅಳೆಯಬಹುದೆಂದು ಕೆನಡಾದ ಕ್ವಿಬೆಕ್‌ನಲ್ಲಿ ಜ್ಯಾಂ ದ್ಯುಸೋ ತೋರಿಸಿಕೊಟ್ಟರು. 1970ರ ದಶಕದ ನಡುವಿನಲ್ಲಿ ಅಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಪರೀಕ್ಷೆ ಶುರುವಾಯಿತು.

ಮಾಡುವ ಕೆಲಸ ಚಿಕ್ಕದು. ಹುಟ್ಟಿ 48ರಿಂದ 72 ಗಂಟೆಗಳ ನಡುವೆ ನರ್ಸ್ ಮಗುವಿನ ಹಿಮ್ಮಡಿಯನ್ನು ಬೆಚ್ಚಗೆ ಮಾಡಿ, ಅದರ ಬದಿಗೆ ಚುಚ್ಚಿ, ಮೊದಲ ಹನಿ ಒರೆಸಿ, ಮುಂದಿನದನ್ನು ಕಾಗದದ ವೃತ್ತದ ಮೇಲೆ ಇಳಿಸುತ್ತಾರೆ. ಹುಟ್ಟಿದ ಕೂಡಲೇ ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನಾದ ಟಿಎಸ್‌ಎಚ್ ತಾನಾಗಿಯೇ ಏರುವುದರಿಂದ ಈ ಕಾಯುವಿಕೆ. ಕೊರತೆ ಖಚಿತವಾದರೆ ಎರಡು ವಾರದೊಳಗೆ ಥೈರಾಕ್ಸಿನ್ ಮಾತ್ರೆ ಶುರುವಾಗಬೇಕು: ಮಗುವಿನ ತೂಕದ ಕಿಲೋಗೆ ದಿನಕ್ಕೆ 10ರಿಂದ 15 ಮೈಕ್ರೋಗ್ರಾಂ. ಅದನ್ನು ಪುಡಿಮಾಡಿ ಒಂದೆರಡು ಚಮಚ ಎದೆಹಾಲಿನಲ್ಲಿ ಕೂಡಲೇ ಕುಡಿಸಬೇಕು. ಒಳಲೆ ತುಂಬ ಹಾಲಿಗೆ ಬೆರೆಸಿದರೆ ಮಗು ಬಿಟ್ಟ ಹಾಲಿನ ಜೊತೆ ಔಷಧವೂ ಉಳಿದುಹೋಗುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಹನಿಗಳನ್ನು ಇದರ ಜೊತೆ ಕೊಡಬಾರದು.

ಭಾರತದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಥೈರಾಯ್ಡ್ ಹಾರ್ಮೋನಿಗೆ ಬೇಕಾದ ಅಯೋಡಿನ್ನಿನ ಕೊರತೆ. 1956ರಲ್ಲಿ ವೈದ್ಯವಿಜ್ಞಾನಿ ರಾಮಲಿಂಗಸ್ವಾಮಿಯವರ ತಂಡ ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ಕೈಗೊಂಡ ಅಧ್ಯಯನ, ಅಯೋಡಿನ್ ಬೆರೆಸಿದ ಉಪ್ಪಿನಿಂದ ಗಳಗಂಡ ಇಳಿಯುತ್ತದೆಂದು ತೋರಿಸಿತು. 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಬಂತು. ಆದರೆ ಗ್ರಂಥಿಯೇ ರೂಪುಗೊಳ್ಳದ ಮಗುವಿಗೆ ಉಪ್ಪು ಏನೂ ಮಾಡಲಾರದು. ಅದಕ್ಕೆ ಪ್ರತಿ ಶಿಶುವಿನ ತಪಾಸಣೆಯೇ ಬೇಕು. ಕರ್ನಾಟಕಕ್ಕೆ ಈ ದಾರಿ ಹೊಸದಲ್ಲ. 1980ರ ದಶಕದಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಪ್ಪಾಜಿ ರಾವ್ ಮತ್ತು ಸಂಗಡಿಗರು ಒಂದು ಲಕ್ಷಕ್ಕೂ ಹೆಚ್ಚು ಶಿಶುಗಳ ರಕ್ತವನ್ನು ಅಮೈನೋ ಆಮ್ಲಗಳ ದೋಷಕ್ಕಾಗಿ ಪರೀಕ್ಷಿಸಿದ್ದರು. ಥೈರಾಯ್ಡ್ ಬಗ್ಗೆ ದೊಡ್ಡ ಉತ್ತರ ಕೊಟ್ಟದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್). ಐದು ಮಹಾನಗರಗಳ ಅದರ ಅಧ್ಯಯನದಲ್ಲಿ ಸುಮಾರು 1,130 ಶಿಶುಗಳಿಗೊಂದರಂತೆ ಈ ಕೊರತೆ ಕಂಡುಬಂತು. ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲ ಹೇಳುತ್ತಿದ್ದುದು 3,000-4,000ಕ್ಕೆ ಒಂದು. ಇಷ್ಟು ತಿಳಿದ ಮೇಲೂ ಪ್ರತಿ ಹೆರಿಗೆಯಲ್ಲೂ ಈ ಪರೀಕ್ಷೆ ನಡೆಯುತ್ತಿಲ್ಲ ಎಂಬುದು ನನಗೆ ಸಹಿಸಲಾಗದ ಸಂಗತಿ.

ಶಾಲೆಗೆ ಹೋಗುವ ವಯಸ್ಸಿನಲ್ಲಿ ಬರುವ ಕೊರತೆಯ ಬಗೆ ಬೇರೆ. ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬೀಳುತ್ತದೆ, ಮಗುವಿನ ಎತ್ತರ ನಿಂತುಬಿಡುತ್ತದೆ. ಅಷ್ಟರಲ್ಲಿ ಮಿದುಳು ಬಹುಪಾಲು ಬೆಳೆದಿರುವುದರಿಂದ ನಷ್ಟ ಕಡಿಮೆ.

ಎಳೆಗೂಸುಗಳ ವಿಷಯದಲ್ಲಿ ನಮ್ಮ ತೊಡಕು ಆಸ್ಪತ್ರೆಯ ಬಾಗಿಲಲ್ಲಿದೆ. ಬಾಣಂತಿ ಎರಡನೇ ದಿನವೇ ತವರಿಗೆ ಹೊರಟರೆ ಹಿಮ್ಮಡಿಯ ಹನಿ ಸಿಗುವುದಿಲ್ಲ; ಅಂಥವರಿಗೆ ಹೆರಿಗೆಯಾದಾಗಲೇ ಹೊಕ್ಕುಳಬಳ್ಳಿಯ ರಕ್ತ ತೆಗೆದಿಡಬಹುದು. ಚೀಟಿಯಲ್ಲಿ ಗಂಡನ ಮನೆಯ ವಿಳಾಸದ ಜೊತೆಗೆ ತವರಿನ ಫೋನ್ ನಂಬರನ್ನೂ ಬರೆಸಿಕೊಳ್ಳಬೇಕು, ವರದಿ ಬಂದ ದಿನವೇ ಯಾರಾದರೂ ಕರೆ ಮಾಡಬೇಕು.