ಹಗಲು ನೌಕರಿ, ಇರುಳು ಕಲಮು

ಉರ್ದು ಸಾಹಿತ್ಯದ ಚರಿತ್ರೆಯಿರಲಿ, ಕನ್ನಡ ಸಾಹಿತ್ಯದ ಚರಿತ್ರೆಯಿರಲಿ, ಅದರಲ್ಲಿ ಲೇಖಕರ ಹುಟ್ಟು, ಕೃತಿ, ಪ್ರಶಸ್ತಿಗಳ ವಿವರ ಸಿಗುತ್ತದೆ. ಅವರ ಮನೆಯ ಒಲೆ ಯಾವ ಸಂಪಾದನೆಯಿಂದ ಉರಿಯುತ್ತಿತ್ತು ಎಂಬುದು ಮಾತ್ರ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ‘ಕೆಲಕಾಲ ಸರಕಾರಿ ಸೇವೆಯಲ್ಲಿದ್ದರು’ ಎಂದು ಬರೆದರೆ ಆಯಿತು. ಆದರೆ ನಮ್ಮಂತೆ ಹಗಲಿಡೀ ಹೊಟ್ಟೆಪಾಡಿಗಾಗಿ ದುಡಿದು, ಮನೆಮಂದಿ ಮಲಗಿದ ಮೇಲೆ ಕತೆ ಬರೆಯಲು ಕೂರುವವರಿಗೆ ಆ ಒಂದು ಸಾಲೇ ದೊಡ್ಡ ಅಧ್ಯಾಯ. ಬರೆಯುವ ಹಂಬಲವಿರುವ ಎಳೆಯರು ನಮ್ಮನ್ನು ಕೇಳುವ ಮೊದಲ ಪ್ರಶ್ನೆಯೂ ಇದೇ: ನೌಕರಿಯಲ್ಲಿದ್ದುಕೊಂಡು ಬರೆಯಲು ಸಾಧ್ಯವೇ, ಅದನ್ನು ಬಿಟ್ಟರೆ ಮಾತ್ರ ಸಾಧ್ಯವೇ? ಇದಕ್ಕೆ ನಮ್ಮ ಉಪದೇಶಕ್ಕಿಂತ ಹಿಂದಿನವರ ಬದುಕೇ ಹೆಚ್ಚು ಪ್ರಾಮಾಣಿಕವಾದ ಉತ್ತರ ಕೊಡುತ್ತದೆ.

ದರ್ಬಾರುಗಳ ಕಾಲದಲ್ಲಿ ಕವಿಯ ಅನ್ನ ದೊರೆಯ ಕೈಯಲ್ಲಿತ್ತು. ಆ ಕಾಲ ಮುಗಿದು ಸಂಬಳದ ಕಾಲ ಬರುತ್ತಿದ್ದಾಗ ಬದುಕಿದವರು ಮಿರ್ಜಾ ಗಾಲಿಬ್. ಕುಟುಂಬದ ಪಿಂಚಣಿಯಲ್ಲಿ ತಮಗೆ ಬರುತ್ತಿದ್ದ ಪಾಲು ಕಡಿಮೆಯಾಯಿತೆಂದು ಅವರು 1828ರಲ್ಲಿ ಕಲ್ಕತ್ತಾದವರೆಗೆ ಹೋಗಿ ಅರ್ಜಿ ಸಲ್ಲಿಸಿದರು. ಫಲ ಸಿಗಲಿಲ್ಲ. 1842ರಲ್ಲಿ ದೆಹಲಿ ಕಾಲೇಜಿನಲ್ಲಿ ಫಾರ್ಸಿ ಕಲಿಸುವ ಹುದ್ದೆಯ ಮಾತು ಬಂತು. ಮೌಲಾನಾ ಮುಹಮ್ಮದ್ ಹುಸೇನ್ ಆಜಾದರ ‘ಆಬೆ ಹಯಾತ್’ ಈ ಪ್ರಸಂಗವನ್ನು ಹೇಳುತ್ತದೆ. ಗಾಲಿಬ್ ಪಲ್ಲಕ್ಕಿಯಲ್ಲಿ ಥಾಮ್ಸನ್ ಸಾಹೇಬರ ಬಂಗಲೆಗೆ ಹೋದರು. ಎಂದಿನಂತೆ ಸಾಹೇಬರು ಹೊರಗೆ ಬಂದು ಎದುರುಗೊಳ್ಳುವರೆಂದು ಕಾದರು. ದರ್ಬಾರಿನ ಅತಿಥಿಗೆ ಆ ಮರ್ಯಾದೆ ಇದೆ, ನೌಕರಿ ಕೇಳಿ ಬಂದವರಿಗೆ ಇಲ್ಲ ಎಂಬ ಉತ್ತರ ಬಂತು. ಇರುವ ಮರ್ಯಾದೆಯನ್ನೂ ಕಳೆಯುವ ನೌಕರಿ ಬೇಡವೆಂದು ಗಾಲಿಬ್ ಮರಳಿದರು.

ಈ ಕತೆಯನ್ನು ಎಲ್ಲರೂ ಮೆಚ್ಚಿ ಹೇಳುತ್ತಾರೆ, ಮುಂದಿನದನ್ನು ಹೇಳುವವರು ಕಡಿಮೆ. 1850ರಲ್ಲಿ ಬಹದ್ದೂರ್ ಷಾ ಜಫರರು ತಿಂಗಳಿಗೆ 50 ರೂಪಾಯಿ ಗೊತ್ತುಮಾಡಿ ತೈಮೂರ್ ವಂಶದ ಚರಿತ್ರೆ ಬರೆಯುವ ಕೆಲಸ ಒಪ್ಪಿಸಿದಾಗ ಗಾಲಿಬ್ ಒಪ್ಪಿಕೊಂಡರು. 1857ರ ದಂಗೆಯ ನಂತರ ಪಿಂಚಣಿ ನಿಂತುಹೋಯಿತು. 1859ರಿಂದ ರಾಂಪುರದ ನವಾಬರು ತಿಂಗಳಿಗೆ 100 ರೂಪಾಯಿ ಕಳುಹಿಸತೊಡಗಿದ್ದರಿಂದ ಮನೆ ನಡೆಯಿತು. ಅಂದರೆ ನೌಕರಿಯನ್ನು ಒದ್ದು ಬಂದ ಕವಿಗೂ ಅನ್ನದ ಚಿಂತೆ ತಪ್ಪಿರಲಿಲ್ಲ.

ಈ ಪ್ರಶ್ನೆಯನ್ನು ಕೊನೆಯವರೆಗೂ ಹೊತ್ತು ನಡೆದವರು ಪ್ರೇಮಚಂದ್. 1880ರಲ್ಲಿ ಬನಾರಸ್ ಬಳಿಯ ಲಮಹಿಯಲ್ಲಿ ಹುಟ್ಟಿದ ಧನಪತ್‌ರಾಯ್ ಅವರಿಗೆ ಮೊದಲ ಅಕ್ಷರ ಕಲಿಸಿದವರು ಉರ್ದು-ಫಾರ್ಸಿ ಹೇಳಿಕೊಡುತ್ತಿದ್ದ ಒಬ್ಬ ಮೌಲವಿ. ತಂದೆ ಅಂಚೆ ಇಲಾಖೆಯ ಗುಮಾಸ್ತ. ತಂದೆ ತೀರಿಕೊಂಡಾಗ ಹುಡುಗನಿಗೆ ಇನ್ನೂ ಹದಿನೇಳು ವರ್ಷ. ಸಂಸಾರದ ಭಾರವೆಲ್ಲ ಅವನ ಹೆಗಲಿಗೆ ಬಿತ್ತು. 1899ರಲ್ಲಿ ಚುನಾರಿನ ಮಿಷನ್ ಶಾಲೆಯಲ್ಲಿ ತಿಂಗಳಿಗೆ 18 ರೂಪಾಯಿಯ ಮಾಸ್ತರಿಕೆ ಸಿಕ್ಕಿತು. ಮರುವರ್ಷ ಬಹರಾಯಿಚ್‌ನ ಸರಕಾರಿ ಶಾಲೆಗೆ ಸೇರಿದರು. ಅಲ್ಲಿಂದ ಮುಂದೆ ಎರಡು ದಶಕ ಅವರು ಸರಕಾರಿ ನೌಕರ.

ಕಾನಪುರದಲ್ಲಿದ್ದಾಗ ‘ಜಮಾನಾ’ ಪತ್ರಿಕೆಯ ಸಂಪಾದಕ ದಯಾನಾರಾಯಣ ನಿಗಮರ ಸ್ನೇಹವಾಯಿತು. ನವಾಬ್‌ರಾಯ್ ಎಂಬ ಹೆಸರಿನಲ್ಲಿ ಬರೆದ ಐದು ಉರ್ದು ಕತೆಗಳು 1908ರಲ್ಲಿ ‘ಸೋಜೆ ವತನ್’ ಎಂಬ ಪುಸ್ತಕವಾಗಿ ಬಂದವು. ಅಷ್ಟರಲ್ಲಿ ಲೇಖಕರಿಗೆ ಹಮೀರಪುರ ಜಿಲ್ಲೆಯಲ್ಲಿ ಶಾಲೆಗಳ ಡೆಪ್ಯುಟಿ ಸಬ್ ಇನ್‌ಸ್ಪೆಕ್ಟರ್ ಹುದ್ದೆ ಬಂತು. ದೇಶಪ್ರೇಮದ ಆ ಪುಸ್ತಕ ಜಿಲ್ಲಾ ಕಲೆಕ್ಟರರ ಮೇಜಿಗೆ ಹೋಯಿತು. ನವಾಬ್‌ರಾಯ್ ಯಾರೆಂಬುದೂ ಗೊತ್ತಾಯಿತು. ಕಲೆಕ್ಟರರು ಕರೆಸಿ ಒಂದೊಂದು ಕತೆಯ ಅರ್ಥವನ್ನೂ ಅವರಿಂದಲೇ ಕೇಳಿದರು. ಉಳಿದ ಪ್ರತಿಗಳನ್ನು ಒಪ್ಪಿಸಬೇಕಾಯಿತು. ಅವು ಬೆಂಕಿಗೆ ಹೋದವು. ಇನ್ನು ಮುಂದೆ ಬರೆದದ್ದನ್ನೆಲ್ಲ ಮೇಲಧಿಕಾರಿಗೆ ತೋರಿಸಿಯೇ ಪ್ರಕಟಿಸಬೇಕೆಂಬ ಕಟ್ಟುಪಾಡೂ ಬಂತು.

ಆ ಕ್ಷಣದಲ್ಲಿ ಅವರ ಮುಂದಿದ್ದ ದಾರಿಗಳನ್ನು ಯೋಚಿಸೋಣ. ರಾಜೀನಾಮೆ ಕೊಟ್ಟರೆ ಮನೆಮಂದಿಯ ಗತಿಯೇನು? ಬರೆಯುವುದನ್ನು ಬಿಟ್ಟರೆ ಅವರ ಗತಿಯೇನು? ಅವರು ಎರಡನ್ನೂ ಬಿಡಲಿಲ್ಲ, ಹೆಸರನ್ನು ಬಿಟ್ಟರು. ನಿಗಮರು ಸೂಚಿಸಿದ ‘ಪ್ರೇಮಚಂದ್’ ಎಂಬ ಹೊಸ ಹೆಸರಿನಲ್ಲಿ 1910ರ ಡಿಸೆಂಬರಿನಲ್ಲಿ ‘ಜಮಾನಾ’ದಲ್ಲಿ ಒಂದು ಕತೆ ಬಂತು. ಇಂದು ಜಗತ್ತು ಗೌರವದಿಂದ ಹೇಳುವ ಆ ಹೆಸರು ಒಬ್ಬ ನೌಕರ ತನ್ನ ಕಲಮನ್ನು ಉಳಿಸಿಕೊಳ್ಳಲು ಹಾಕಿಕೊಂಡ ಮುಸುಕು.

ನೌಕರಿ ಅವರಿಂದ ಕಿತ್ತುಕೊಂಡದ್ದು ಇಷ್ಟು. ಕೊಟ್ಟದ್ದೇನೂ ಇಲ್ಲವೇ? ಶಾಲಾ ತಪಾಸಣೆಗಾಗಿ ಊರೂರು ಅಲೆದು ಅವರಿಗೆ ವಾಸಿಯಾಗದ ಹೊಟ್ಟೆಬೇನೆ ಅಂಟಿತು, ನಿಜ. ಆದರೆ ಆ ಅಲೆದಾಟದಲ್ಲೇ ಅವರು ಬುಂದೇಲಖಂಡದ ರೈತರನ್ನು, ಪಟವಾರಿಗಳನ್ನು, ಸಾಲ ಕೊಡುವ ಮಹಾಜನರನ್ನು ಕಣ್ಣಾರೆ ಕಂಡರು. ಉಪ್ಪಿನ ಇಲಾಖೆಯ ದಾರೋಗಾನ ಕತೆಯಲ್ಲಿ ಸಂಬಳ ಮತ್ತು ಗಿಂಬಳದ ನಡುವೆ ಸಿಕ್ಕ ಮನುಷ್ಯನನ್ನು ಅಷ್ಟು ಚೆನ್ನಾಗಿ ಚಿತ್ರಿಸಲು ಕಚೇರಿಯ ಒಳಗನ್ನು ಬಲ್ಲವರಿಗೇ ಸಾಧ್ಯ. ಸಂಬಳವಿದ್ದುದರಿಂದ ಪುಸ್ತಕದ ವ್ಯಾಪಾರಿಗೆ ಕೈಯೊಡ್ಡದೆ ಕಾಯುವ ತಾಳ್ಮೆಯೂ ಇತ್ತು. ಉರ್ದುವಿನಲ್ಲಿ ಮೊದಲು ಬರೆದ ‘ಬಾಜಾರೆ ಹುಸ್ನ್’ ಕಾದಂಬರಿ ‘ಸೇವಾಸದನ’ವಾಗಿ ಹಿಂದಿಯಲ್ಲೇ ಮೊದಲು ಹೊರಬಂತು, ಉರ್ದು ರೂಪ ಪುಸ್ತಕವಾಗಲು ವರ್ಷಗಳು ಹಿಡಿದವು. ಪುಸ್ತಕದ ಹಣವನ್ನೇ ನಂಬಿದ್ದರೆ ಆ ಸಂಸಾರ ಉಪವಾಸ ಬೀಳುತ್ತಿತ್ತು.

1921ರ ಫೆಬ್ರವರಿಯಲ್ಲಿ ಗೋರಖಪುರಕ್ಕೆ ಬಂದ ಗಾಂಧೀಜಿಯವರ ಭಾಷಣ ಕೇಳಿದ ಕೆಲವೇ ದಿನಗಳಲ್ಲಿ ಅವರು ರಾಜೀನಾಮೆ ಕೊಟ್ಟರು. ನಮ್ಮ ಪಠ್ಯಪುಸ್ತಕಗಳು ಇಲ್ಲಿಗೆ ಪಾಠ ಮುಗಿಸುತ್ತವೆ, ಲೇಖಕ ಸ್ವತಂತ್ರನಾದ ಎಂಬಂತೆ. ನಿಜವಾದ ಕಷ್ಟ ಶುರುವಾದದ್ದು ಅಲ್ಲಿಂದ. ಬೇರೆ ಶಾಲೆಗಳಲ್ಲಿ ಮತ್ತೆ ಕೆಲಸ ಮಾಡಬೇಕಾಯಿತು. 1923ರಲ್ಲಿ ಬನಾರಸ್‌ನಲ್ಲಿ ತೆರೆದ ಸರಸ್ವತಿ ಪ್ರೆಸ್ ನಷ್ಟದಲ್ಲೇ ನಡೆಯಿತು. 1930ರಲ್ಲಿ ಆರಂಭಿಸಿದ ‘ಹಂಸ್’ ಸರಕಾರದ ಕಾಟವನ್ನೂ ಹಣದ ಮುಗ್ಗಟ್ಟನ್ನೂ ಕಂಡಿತು. ಆ ಸಾಲ ತೀರಿಸಲೆಂದೇ 1934ರಲ್ಲಿ ಅವರು ಬೊಂಬಾಯಿಗೆ ಹೋಗಿ ಅಜಂತಾ ಸಿನೆಟೋನ್ ಕಂಪೆನಿಗೆ ಚಿತ್ರಕತೆ ಬರೆಯುವ ನೌಕರಿಗೆ ಸೇರಿದರು. ಅದು ಒಗ್ಗದೆ ಮರುವರ್ಷ ಮರಳಿದರು. 1936ರಲ್ಲಿ ‘ಗೋದಾನ’ ಬಂತು, ಅದೇ ವರ್ಷ ಅಕ್ಟೋಬರ್ 8ರಂದು ಅವರು ತೀರಿಕೊಂಡರು. ಐವತ್ತಾರು ಕೂಡ ಮುಗಿದಿರದ ವಯಸ್ಸು ಅಲ್ಲ, ಆಗಷ್ಟೇ ಮುಗಿದಿತ್ತು.

ಈ ಲೆಕ್ಕದಲ್ಲಿ ಇನ್ನೊಬ್ಬರನ್ನು ಸೇರಿಸದಿದ್ದರೆ ಅನ್ಯಾಯವಾದೀತು. ಪ್ರೇಮಚಂದರು ನೌಕರಿ ಬಿಡುವಾಗ ಗರ್ಭಿಣಿಯಾಗಿದ್ದೂ ಒಪ್ಪಿಗೆ ಕೊಟ್ಟವರು ಪತ್ನಿ ಶಿವರಾನಿ ದೇವಿ. ಗಂಡ ಬರೆಯುವ ಹೊತ್ತಿನಲ್ಲಿ ಮನೆ ನಡೆಸಿದ ಅವರು ತಾವೂ ಕತೆಗಾರ್ತಿ. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೂ ಹೋದವರು. 1944ರಲ್ಲಿ ಅವರು ಬರೆದ ‘ಪ್ರೇಮಚಂದ್ ಘರ್ ಮೇ’ ಇಲ್ಲದಿದ್ದರೆ ಆ ಲೇಖಕನ ಮನೆಯ ಕಡೆಯ ಬದುಕು ನಮಗೆ ತಿಳಿಯುತ್ತಲೇ ಇರಲಿಲ್ಲ.

ಇದೇ ಪ್ರಶ್ನೆ ಕನ್ನಡದಲ್ಲಿ ಬೇರೆ ರೂಪ ತಾಳಿತು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1914ರಲ್ಲಿ ಮೈಸೂರು ಸಿವಿಲ್ ಸರ್ವಿಸ್ ಸೇರಿ ಜಿಲ್ಲಾಧಿಕಾರಿಯ ಹುದ್ದೆವರೆಗೆ ಏರಿದವರು. ‘ಶ್ರೀನಿವಾಸ’ ಎಂಬ ಹೆಸರಿನಲ್ಲಿ ಅವರು ಬರೆದ ಮೊದಲ ಕಥಾಸಂಕಲನ 1920ರಲ್ಲಿ ಬಂತು. ಸೇವೆಯಲ್ಲಿದ್ದಾಗಲೇ, 1929ರಲ್ಲಿ, ಬೆಳಗಾವಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. ತಮಗಿಂತ ಕಿರಿಯರನ್ನು ಮಂತ್ರಿ ಪದವಿಗೆ ಏರಿಸಿದಾಗ 1943ರಲ್ಲಿ ನೌಕರಿಯಿಂದ ಹೊರಬಂದರು. 1983ರ ಜ್ಞಾನಪೀಠ ತಂದುಕೊಟ್ಟ ‘ಚಿಕವೀರ ರಾಜೇಂದ್ರ’ ಬಂದದ್ದು 1956ರಲ್ಲಿ. ಬಿಡುವು ಸಿಕ್ಕಿದ ಮೇಲೆ ದೊಡ್ಡ ಕಾದಂಬರಿಗಳು, ಬಿಡುವಿಲ್ಲದಾಗ ಸಣ್ಣ ಕತೆಗಳು ಎಂದರೆ ಪೂರ್ತಿ ತಪ್ಪಾಗಲಾರದು. ಹೊಟ್ಟೆಪಾಡಿನ ಕೆಲಸವಿರುವವರಿಗೆ ಸಣ್ಣಕತೆ ಮತ್ತು ಕವಿತೆ ಯಾಕೆ ಹತ್ತಿರ ಎಂಬುದಕ್ಕೂ ಇದು ಒಂದು ಕಾರಣ.

ಕೆ.ಎಸ್. ನಿಸಾರ್ ಅಹಮದ್ ಓದಿದ್ದು ಭೂವಿಜ್ಞಾನ. ಗಣಿ ಇಲಾಖೆಯಲ್ಲಿ ಕೆಲಸ ಮಾಡಿ, ಮುಂದೆ ಸರಕಾರಿ ಕಾಲೇಜುಗಳಲ್ಲಿ ಅದೇ ವಿಷಯ ಕಲಿಸಿದರು. 2020ರಲ್ಲಿ ತೀರಿಕೊಂಡಾಗ ನಾಡು ನೆನೆದದ್ದು ‘ನಿತ್ಯೋತ್ಸವ’ದ ಕವಿಯನ್ನು. ಬೊಳುವಾರು ಮಹಮ್ಮದ್ ಕುಂಞಿ ಬ್ಯಾಂಕಿನ ನೌಕರಿಯಲ್ಲಿದ್ದುಕೊಂಡೇ ಮುತ್ತುಪ್ಪಾಡಿಯೆಂಬ ಊರನ್ನು ಕಟ್ಟಿದರು. ಅವರ ‘ಸ್ವಾತಂತ್ರ್ಯದ ಓಟ’ಕ್ಕೆ 2016ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಇವರೆಲ್ಲರಿಗೂ ಬಿಡಬಹುದಾದ ನೌಕರಿಯಾದರೂ ಇತ್ತು. ಮನೆಗೆಲಸಕ್ಕೆ ರಾಜೀನಾಮೆ ಕೊಡುವುದು ಯಾರಿಗೆ? ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ 1981ರಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದಾಗ ಅವರಿಗೆ ನಲವತ್ತೈದರ ಆಸುಪಾಸು, ನಾಲ್ವರು ಮಕ್ಕಳ ತಾಯಿ. ಹಾಸನದ ಬಾನು ಮುಷ್ತಾಕ್ ಸಂಸಾರದ ಜತೆಗೆ ವಕೀಲಿಕೆಯನ್ನೂ ನಡೆಸುತ್ತ ಬರೆದರು. ಅವರ ಆಯ್ದ ಹನ್ನೆರಡು ಕತೆಗಳ, ದೀಪಾ ಭಾಸ್ತಿ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಆ ಕತೆಗಳನ್ನು ಬರೆಯಲು ಹಿಡಿದ ಕಾಲ ಮೂವತ್ತಕ್ಕೂ ಹೆಚ್ಚು ವರ್ಷ.

ಹಾಗಾದರೆ ಆ ಎಳೆಯರಿಗೆ ನಾವು ಕೊಡುವ ಉತ್ತರವೇನು? ನೌಕರಿ ಹೊತ್ತನ್ನು ತಿನ್ನುತ್ತದೆ. ಆದರೆ ಹೊತ್ತಿಲ್ಲದೆ ಸತ್ತ ಬರಹಕ್ಕಿಂತ, ಮೇಲಿನವರ ಮುಖ ನೋಡಿ ನಾವೇ ಹೊಸಕಿಹಾಕಿದ ಬರಹ ಹೆಚ್ಚು. ಹಮೀರಪುರದ ಕಲೆಕ್ಟರರು ಪುಸ್ತಕವನ್ನು ಸುಟ್ಟರೂ ಲೇಖಕನ ಬರೆಯುವ ಅಭ್ಯಾಸವನ್ನು ಸುಡಲಾಗಲಿಲ್ಲ. ಇಂದು ಕಲೆಕ್ಟರರಿಗಿಂತ ಮೊದಲೇ ನಮ್ಮೊಳಗಿನ ಗುಮಾಸ್ತ ಎದ್ದು ಕೂರುತ್ತಾನೆ: ಇಲಾಖೆ ಏನೆಂದೀತು, ಜಮಾಅತ್ ಏನೆಂದೀತು, ನೆಂಟರು ಏನೆಂದಾರು? ಅವನನ್ನು ಮನೆಗೆ ಕಳುಹಿಸದವರು ನೌಕರಿ ಬಿಟ್ಟರೂ ಸ್ವತಂತ್ರರಾಗುವುದಿಲ್ಲ. ಮನೆಯ ಅನ್ನಕ್ಕಾಗಿ ದುಡಿಯುವುದರಲ್ಲಿ ಅವಮಾನವಿಲ್ಲ, ಅದು ಬರಹಕ್ಕೆ ದ್ರೋಹವೂ ಅಲ್ಲ. ಸಂಬಳ ಕೊಟ್ಟವರು ನಮ್ಮ ದುಡಿಮೆಯನ್ನಷ್ಟೇ ಕೊಂಡಿದ್ದಾರೆ, ಕಲಮನ್ನಲ್ಲ ಎಂಬುದನ್ನು ಮರೆಯದಿದ್ದರೆ ಸಾಕು. ಜತೆಗೆ, ನಾವು ಬರೆಯುವ ಆ ಒಂದು ಗಂಟೆಗಾಗಿ ಮನೆಯಲ್ಲಿ ಇನ್ಯಾರು ತಮ್ಮ ಒಂದು ಗಂಟೆಯನ್ನು ಬಿಟ್ಟುಕೊಟ್ಟಿದ್ದಾರೆ ಎಂಬುದನ್ನೂ ಕೇಳಿಕೊಳ್ಳಬೇಕು. ಅವರಿಗೂ ಬರೆಯುವುದು ಏನಾದರೂ ಇರಬಹುದು.