ಹಳೆಯ ಲಾರಿಗಳ ಸೀಟ್ ಬೆಲ್ಟು: ಮೂಲಸ್ಥಿತಿಯ ವಿಚಾರ

೧

ಜೀರ್ಣೋದ್ಧಾರವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಇತಿಹಾಸದ ವಿದ್ಯಾರ್ಥಿಗಳಿಗೆ ನೆನಪಾಗುವುದು ಗುಡಿ, ಬಸದಿ, ಓಲೆಯ ಗರಿಗಳು. ಅದು ಸಹಜವೇ. ಆದರೆ ಕಳೆದ ನೂರು ವರ್ಷಗಳಲ್ಲಿ ಹಳ್ಳಿಗೂ ಪೇಟೆಗೂ ಇದ್ದ ಸಂಬಂಧವನ್ನು ಲಾರಿಯಷ್ಟು ಮಾರ್ಪಡಿಸಿದ ವಸ್ತುಗಳು ಕೆಲವೇ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆ ಲಾರಿಗಳಲ್ಲಿ ಬಹುಪಾಲು ಗುಜರಿಯ ಪಾಲಾಗಿವೆ. ಅಳಿದುಳಿದವನ್ನು ಮೂಲಸ್ಥಿತಿಗೆ ತಂದು ಕಾಪಾಡಬೇಕೆಂಬ ಆಸಕ್ತಿ ಈಚೆಗೆ ಅಲ್ಲಲ್ಲಿ ಮೂಡಿರುವುದು ಸಂತೋಷದ ಸಂಗತಿ. ಈ ಕಾರ್ಯದಲ್ಲಿ ತೊಡಗಿದವರ ಮುಂದೆ ಬರುವ ಪ್ರಶ್ನೆಗಳಲ್ಲೊಂದು, ನೋಡುವುದಕ್ಕೆ ಅಲ್ಪವಾದುದು: ಹಳೆಯ ಲಾರಿಯ ಮೂಲ ಸೀಟ್ ಬೆಲ್ಟನ್ನು ಮತ್ತೆ ಹೇಗೆ ಅಳವಡಿಸಬೇಕು? ಈ ಪ್ರಶ್ನೆಯನ್ನು ಬಿಡಿಸಹೊರಟರೆ ಅದಕ್ಕೂ ಹಿಂದಿನ ಮತ್ತೊಂದು ಪ್ರಶ್ನೆ ಎದುರಾಗುತ್ತದೆ. ನಮ್ಮ ನಾಡಿನ ಹಳೆಯ ಲಾರಿಗೆ ‘ಮೂಲ’ ಬೆಲ್ಟು ಎಂಬುದೊಂದು ಇದ್ದಿತೆ? ಪ್ರಸ್ತುತ ಲೇಖನದ ವಿಷಯ ಇದೇ.

ವಿಚಾರಕ್ಕೆ ಒಂದು ನೆಲೆ ಬೇಕಾದುದರಿಂದ ಗದಗ ಜಿಲ್ಲೆಯ ಶಿಗ್ಲಿಯ ಸುತ್ತಲಿನ ಪ್ರದೇಶವನ್ನು ಇಲ್ಲಿ ಗಮನದಲ್ಲಿಟ್ಟುಕೊಂಡಿದೆ. ಹಿಂದೆ ಶಿರಹಟ್ಟಿ ತಾಲೂಕಿಗೂ ಈಗ ಲಕ್ಷ್ಮೇಶ್ವರ ತಾಲೂಕಿಗೂ ಸೇರಿದ ಈ ಊರು ನೇಕಾರಿಕೆಗೆ ಹೆಸರಾದುದು. ೧೮೮೪ರಲ್ಲಿ ಗದಗಿಗೆ ರೈಲು ಬಂದಿತು. ಗದಗು ಹತ್ತಿಯ ದೊಡ್ಡ ಪೇಟೆಯಾಗಿ ಬೆಳೆಯಿತು. ಆದರೆ ಶಿಗ್ಲಿ, ಲಕ್ಷ್ಮೇಶ್ವರಗಳಿಗೆ ರೈಲುಹಾದಿ ತಾಗಲಿಲ್ಲ. ಇಲ್ಲಿಯ ಹತ್ತಿ, ನೂಲು, ಬಟ್ಟೆ, ಕಾಳುಕಡಿಗಳು ಮೊದಲು ಎತ್ತಿನ ಬಂಡಿಯನ್ನೂ ಅನಂತರ ಲಾರಿಯನ್ನೂ ನೆಚ್ಚಿಕೊಂಡವು. ಸಾರಿಗೆಯ ಇತಿಹಾಸದಲ್ಲಿ ಗದಗಿನ ಹೆಸರು ಮುಂದೆಯೂ ಕಾಣಿಸಿಕೊಳ್ಳುತ್ತದೆ. ೧೯೭೬ರಲ್ಲಿ ವಿಜಯ ಸಂಕೇಶ್ವರರು ಒಂದೇ ಲಾರಿಯಿಂದ ತಮ್ಮ ಸಾಗಣೆಯ ಉದ್ಯಮವನ್ನು ಆರಂಭಿಸಿದುದು ಈ ಊರಿನಲ್ಲಿಯೇ. ಆ ಇಸವಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಆಗ ಲಾರಿಗೆ ಸೀಟ್ ಬೆಲ್ಟನ್ನು ಅಳವಡಿಸಬೇಕೆಂಬ ನಿಯಮ ಭಾರತದಲ್ಲಿ ಇರಲಿಲ್ಲ.

೨

ಬೆಲ್ಟಿನ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡೋಣ. ಮನುಷ್ಯನನ್ನು ಪಟ್ಟಿಯಿಂದ ಭದ್ರಪಡಿಸುವ ಸಾಧನವೊಂದಕ್ಕೆ ಅಮೆರಿಕದಲ್ಲಿ ಎಡ್ವರ್ಡ್ ಕ್ಲಾಗಾರ್ನ್ ಎಂಬವನು ೧೮೮೫ರಲ್ಲಿಯೇ ಪೇಟೆಂಟು ಪಡೆದಿದ್ದನು. ಅದು ಮೋಟಾರಿಗಾಗಿ ಹುಟ್ಟಿದುದಲ್ಲ. ಮುಂದೆ ವಿಮಾನಗಳಲ್ಲಿ ಬೆಲ್ಟಿನ ಬಳಕೆ ರೂಢಿಗೆ ಬಂದಿತು. ಅಮೆರಿಕದ ಫೋರ್ಡ್ ಕಂಪನಿಯು ತನ್ನ ೧೯೫೬ರ ಮಾದರಿಯ ಕಾರುಗಳಿಗೆ ಸೊಂಟದ ಬೆಲ್ಟನ್ನು, ಬೇಕೆಂದವರಿಗೆ ಹೆಚ್ಚಿನ ಬೆಲೆಗೆ, ಒದಗಿಸಿತು. ಎದೆ ಮತ್ತು ಸೊಂಟಗಳನ್ನು ಒಂದೇ ಪಟ್ಟಿಯಿಂದ ಹಿಡಿದು ಮೂರು ಕಡೆ ಬಿಗಿಯುವ ಬೆಲ್ಟನ್ನು ಸ್ವೀಡನ್ನಿನ ವೋಲ್ವೊ ಕಂಪನಿಯಲ್ಲಿ ನೀಲ್ಸ್ ಬೋಲಿನ್ ಎಂಬ ಎಂಜಿನಿಯರರು ರೂಪಿಸಿದರು. ಅದು ೧೯೫೯ರಲ್ಲಿ ಬಳಕೆಗೆ ಬಂದಿತು. ಬೋಲಿನ್ನರು ಅದಕ್ಕೆ ಮುನ್ನ ಯುದ್ಧವಿಮಾನದ ಚಾಲಕನನ್ನು ಆಸನಸಮೇತ ಹೊರಕ್ಕೆ ಎಸೆಯುವ ಸಾಧನಗಳ ಮೇಲೆ ಕೆಲಸ ಮಾಡಿದವರು. ಮನುಷ್ಯನನ್ನು ವಾಹನದಿಂದ ಹೊರಗೆಸೆಯುವ ವಿದ್ಯೆಯನ್ನು ಬಲ್ಲವರೇ ಅವನನ್ನು ಒಳಗೆ ಹಿಡಿದಿಡುವ ವಿದ್ಯೆಯನ್ನೂ ಕಂಡುಕೊಂಡುದು ಗಮನಾರ್ಹವಾಗಿದೆ. ಪೇಟೆಂಟು ತನ್ನದಾಗಿದ್ದರೂ ವೋಲ್ವೊ ಇತರ ತಯಾರಕರಿಗೆ ಅದನ್ನು ಬಳಸಿಕೊಳ್ಳಲು ಎಡೆಮಾಡಿಕೊಟ್ಟಿತು.

ಇವೆಲ್ಲ ಕಾರುಗಳ ಮಾತು. ಲಾರಿಗೆ ಬೆಲ್ಟು ಬಂದುದು ತಡವಾಗಿ. ಅಮೆರಿಕದಲ್ಲಿ ೧೯೬೮ರ ಜನವರಿ ೧ರಿಂದ ಹೊಸ ಕಾರುಗಳಿಗೆ ಬೆಲ್ಟು ಕಡ್ಡಾಯವಾಯಿತು. ಲಾರಿಗಳಿಗೆ ಆ ಮಾನಕವು ವಿಸ್ತರಿಸಿದುದು ೧೯೭೧ರಲ್ಲಿ. ಭಾರತದಲ್ಲಿ ೧೯೩೯ರ ಮೋಟಾರು ವಾಹನ ಕಾಯಿದೆಯ ಸ್ಥಾನದಲ್ಲಿ ೧೯೮೮ರ ಕಾಯಿದೆ ೧೯೮೯ರ ಜುಲೈ ೧ರಂದು ಜಾರಿಗೆ ಬಂದಿತು. ಅದರ ಅಡಿಯಲ್ಲಿ ರಚಿತವಾದ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ೧೯೯೩ರಲ್ಲಿ ತಂದ ತಿದ್ದುಪಡಿಯ ಮೂಲಕ, ೧೯೯೪ರಿಂದ ಮುಂದೆ ತಯಾರಾಗುವ ವಾಹನಗಳಲ್ಲಿ ಚಾಲಕನಿಗೂ ಮುಂದಿನ ಆಸನದವನಿಗೂ ತಯಾರಕನೇ ಬೆಲ್ಟನ್ನು ಒದಗಿಸಬೇಕೆಂದು ವಿಧಿಸಲಾಯಿತು. ಬೋಲಿನ್ನರ ಬೆಲ್ಟಿಗೂ ನಮ್ಮ ನಿಯಮಕ್ಕೂ ನಡುವೆ ಮೂವತ್ತೈದು ವರ್ಷಗಳ ಅಂತರವಿದೆ. ನಾವು ಇಂದು ‘ಹಳೆಯ ಲಾರಿ’ ಎಂದು ಪ್ರೀತಿಯಿಂದ ಕರೆಯುವ ಲಾರಿಗಳೆಲ್ಲ ರಸ್ತೆಗಿಳಿದುದು ಈ ಅಂತರದಲ್ಲಿ ಅಥವಾ ಅದಕ್ಕೂ ಮೊದಲು.

೩

ಆ ಲಾರಿಗಳು ಸಿದ್ಧವಾಗುತ್ತಿದ್ದ ರೀತಿಯನ್ನು ತಿಳಿದರೆ ಬೆಲ್ಟು ಏಕಿರಲಿಲ್ಲವೆಂಬುದು ಇನ್ನಷ್ಟು ಸ್ಪಷ್ಟವಾಗುತ್ತದೆ. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿಯು ಡಾಜ್, ಫಾರ್ಗೊ ಹೆಸರಿನ ಲಾರಿಗಳನ್ನು ತಯಾರಿಸುತ್ತಿತ್ತು. ಜರ್ಮನಿಯ ಡೈಮ್ಲರ್-ಬೆಂಜ್ ಸಂಸ್ಥೆಯ ಸಹಕಾರದಿಂದ ಟಾಟಾ ಸಂಸ್ಥೆಯು ೧೯೫೪ರಲ್ಲಿ ಜಮ್‌ಶೆಡ್‌ಪುರದಲ್ಲಿ ಲಾರಿಗಳ ತಯಾರಿಕೆಯನ್ನು ಕೈಗೊಂಡಿತು. ಆ ಒಪ್ಪಂದ ೧೯೬೯ರಲ್ಲಿ ಮುಗಿಯಿತು. ಮದರಾಸಿನ ಎಣ್ಣೂರಿನಲ್ಲಿದ್ದ ಅಶೋಕ್ ಮೋಟಾರ್ಸ್ ೧೯೫೫ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಈ ಕಾರ್ಖಾನೆಗಳಿಂದ ಹೊರಬೀಳುತ್ತಿದ್ದುದು ಬಹುಮಟ್ಟಿಗೆ ಪೂರ್ಣ ಲಾರಿಯಲ್ಲ. ಎಂಜಿನು, ಗಾಲಿಗಳು ಮತ್ತು ಮುಂಭಾಗದ ತಗಡಿನ ಮುಖವಷ್ಟೇ ಇದ್ದ ಚಾಸಿಸ್. ಅದನ್ನು ಚಾಲಕನು ತಾತ್ಪೂರ್ತಿಕ ಆಸನವೊಂದರ ಮೇಲೆ ಕುಳಿತು, ಗಾಳಿ ಧೂಳುಗಳಿಗೆ ಮುಖಕ್ಕೆ ಬಟ್ಟೆ ಸುತ್ತಿಕೊಂಡು, ನೂರಾರು ಮೈಲಿ ನಡೆಸಿಕೊಂಡು ಬರುತ್ತಿದ್ದನು. ಬಾಡಿ ಕಟ್ಟುವ ಬಡಗಿಗಳೂ ಕಮ್ಮಾರರೂ ಮರದ ಚೌಕಟ್ಟು ನಿಲ್ಲಿಸಿ, ತಗಡು ಹೊದಿಸಿ, ಕ್ಯಾಬಿನ್ನನ್ನು ಕಟ್ಟುತ್ತಿದ್ದರು. ಆಸನವೂ ಅವರ ಕೈಯ ಕೆಲಸವೇ.

ಕ್ಯಾಬಿನ್ನೇ ಇಲ್ಲದ ವಾಹನಕ್ಕೆ ಕಾರ್ಖಾನೆಯ ಭುಜದ ಬೆಲ್ಟು ಎಲ್ಲಿಂದ ಬರಬೇಕು? ಆದುದರಿಂದ ಅಂತಹ ಲಾರಿಗಳ ಮಟ್ಟಿಗೆ ‘ಮೂಲ ಸೀಟ್ ಬೆಲ್ಟು’ ಎಂಬುದು ಕಲ್ಪಿತ ವಸ್ತುವೆಂದೇ ನಿರ್ಣಯಿಸಬೇಕಾಗುತ್ತದೆ. ಅಮೆರಿಕದ ೧೯೬೦ರ ದಶಕದ ಲಘು ಲಾರಿಯೊಂದಕ್ಕೆ ಮೂಲ ಬೆಲ್ಟನ್ನು ಮರಳಿಸುವುದು ಅರ್ಥಪೂರ್ಣ ಕಾರ್ಯವಾಗಬಹುದು. ಅದೇ ಕಾಲದ, ಶಿಗ್ಲಿಯಿಂದ ಹುಬ್ಬಳ್ಳಿಯ ಕಡೆಗೆ ಹೇರು ಸಾಗಿಸಿದ ಮರದ ಕ್ಯಾಬಿನ್ನಿನ ಲಾರಿಗೆ ಹಾಗೆ ಮಾಡಿದರೆ ಅದು ಪುನಃಸ್ಥಾಪನೆಯಾಗದು, ಸೇರ್ಪಡೆಯಾಗುತ್ತದೆ.

ಬೆಲ್ಟಿನ ಅಭಾವಕ್ಕೆ ರೂಢಿಯ ಕಾರಣವೂ ಇದ್ದಿರಬೇಕು. ಬಂಡಿಯ ಮೂಕಿಯ ಬಳಿ ಕುಳಿತವನಿಗೆ ಎತ್ತು ಬೆದರಿದಾಗ ಕೆಳಕ್ಕೆ ಹಾರಿಕೊಳ್ಳುವುದೇ ರಕ್ಷಣೆ. ಬಂಡಿಯಿಂದ ಲಾರಿಗೆ ಬಂದ ತಲೆಮಾರು ಆ ನಂಬಿಕೆಯನ್ನು ತನ್ನೊಡನೆಯೇ ತಂದಿತೆಂದು ಊಹಿಸಬಹುದು. ಆದರೆ ವೇಗದ ಲೆಕ್ಕ ಬೇರೆ. ಗಂಟೆಗೆ ೫೦ ಕಿಲೋಮೀಟರು ವೇಗದಲ್ಲಿರುವ ೬೦ ಕಿಲೋಗ್ರಾಂ ತೂಕದ ಮನುಷ್ಯನನ್ನು ಒಂದು ಸೆಕೆಂಡಿನ ಹತ್ತನೆಯ ಒಂದಂಶದಲ್ಲಿ ನಿಲ್ಲಿಸಬೇಕಾದರೆ ಸುಮಾರು ೮೫೦ ಕಿಲೋಗ್ರಾಂ ತೂಕಕ್ಕೆ ಸಮನಾದ ಬಲ ಬೇಕಾಗುತ್ತದೆ. ತೋಳಿನ ಶಕ್ತಿಯಿಂದ ಸ್ಟಿಯರಿಂಗನ್ನು ಹಿಡಿದು ತಡೆದುಕೊಳ್ಳುವೆನೆಂಬುದು ಭ್ರಮೆ.

೪

ಹಾಗಾದರೆ ಯಾವ ಲಾರಿಗೆ ಬೆಲ್ಟು ಮೊದಲಿನಿಂದ ಇದ್ದಿತು, ಯಾವುದಕ್ಕೆ ಇರಲಿಲ್ಲ ಎಂಬುದನ್ನು ನಿರ್ಣಯಿಸುವ ಬಗೆ ಹೇಗೆ? ಇಲ್ಲಿ ಗ್ರಂಥಸಂಪಾದನೆಯ ಶಿಸ್ತು ನೆರವಿಗೆ ಬರುತ್ತದೆ. ಮೂಲಪಾಠ, ಪಾಠಾಂತರ, ಪ್ರಕ್ಷಿಪ್ತಭಾಗಗಳನ್ನು ಸಂಪಾದಕನು ಬೇರ್ಪಡಿಸುವಂತೆ ಲಾರಿಯ ಅಂಗಾಂಗಗಳನ್ನೂ ಬೇರ್ಪಡಿಸಿ ನೋಡಬೇಕು. ತಯಾರಕರ ಬಿಡಿಭಾಗಗಳ ಪಟ್ಟಿಯಲ್ಲಿ ಬೆಲ್ಟಿನ ಉಲ್ಲೇಖವಿದೆಯೇ? ನೆಲದ ತಗಡಿನಲ್ಲಿ ಬಲಪಡಿಸಿದ ರಂಧ್ರಗಳಿವೆಯೇ? ಬೆಲ್ಟನ್ನು ಬಿಗಿಯಲು ವ್ಯಾಪಕವಾಗಿ ಬಳಕೆಯಲ್ಲಿರುವುದು ೭/೧೬ ಅಂಗುಲ ದಪ್ಪದ, ಅಂಗುಲಕ್ಕೆ ೨೦ ಸುತ್ತುಗಳಿರುವ ಬೋಲ್ಟು. ಅದಕ್ಕೆ ಹೊಂದುವ ಮರೆಗಳು ಕಾರ್ಖಾನೆಯ ಬಣ್ಣದಡಿಯಲ್ಲಿಯೇ ಕಂಡರೆ ಅದು ಪ್ರಬಲ ಸಾಕ್ಷ್ಯ. ಬಣ್ಣವನ್ನು ಸೀಳಿಕೊಂಡು ಕೊರೆದ ರಂಧ್ರವಾದರೆ ಅದು ಈಚಿನದು. ಅಮೆರಿಕದ ಮಾನಕದಂತೆ ತಯಾರಾದ ಬೆಲ್ಟಿನ ಮೇಲೆ ತಯಾರಕರ ಹೆಸರು, ಮಾದರಿ ಮತ್ತು ತಯಾರಾದ ವರ್ಷದ ಗುರುತು ಇರಬೇಕು. ಆ ಚೀಟಿಯೇ ಬೆಲ್ಟಿನ ಶಾಸನ, ಅದನ್ನು ಕಿತ್ತೆಸೆಯಬಾರದು.

ಶಿಗ್ಲಿಯ ನೆರೆಯ ಲಕ್ಷ್ಮೇಶ್ವರದ ಉದಾಹರಣೆಯೊಂದನ್ನು ಇಲ್ಲಿ ನೆನೆಯಬಹುದು. ಪ್ರಾಚೀನ ಪುಲಿಗೆರೆಯಾದ ಆ ಊರಿನ ಜೈನ ಶಿಲಾಶಾಸನದಲ್ಲಿ ಬಾದಾಮಿಯ ಚಲುಕ್ಯ ಅರಸರ ದಾನಗಳು ಅವರ ಕಾಲಕ್ಕಿಂತ ಈಚಿನ ಲಿಪಿಯಲ್ಲಿ ಕೆತ್ತಲ್ಪಟ್ಟಿವೆ. ಹಳೆಯ ದಾನಪತ್ರಗಳ ನಿಷ್ಠೆಯ ಪ್ರತಿಯೋ, ಅಥವಾ ಬೇಕೆಂದು ಹಳೆಯ ಹೆಸರನ್ನು ಹೊದಿಸಿದುದೋ ಎಂಬ ಚರ್ಚೆಗೆ ಇದು ಎಡೆಕೊಟ್ಟಿತು. ಫ್ಲೀಟರು ಅವುಗಳ ಪ್ರಾಮಾಣ್ಯವನ್ನು ಶಂಕಿಸಿದರು. ಪ್ರತಿ ಮಾಡಿದುದು ತಪ್ಪಲ್ಲ. ಯಾವಾಗ, ಯಾವುದನ್ನು ನೋಡಿ ಪ್ರತಿ ಮಾಡಲಾಯಿತೆಂಬುದು ತಿಳಿಯದಾದಾಗ ಸಂದೇಹಕ್ಕೆ ದಾರಿಯಾಗುತ್ತದೆ. ಹೊಸ ಬೆಲ್ಟಿಗೆ ಹಳೆಯ ಚೀಟಿಯನ್ನು ಹೊಲಿದು ‘ಮೂಲ’ವೆಂದು ತೋರಿಸುವವನು ಮುಂದಿನ ಸಂಶೋಧಕರಿಗೆ ಅಂತಹುದೇ ತೊಡಕನ್ನು ಒಡ್ಡುತ್ತಾನೆ. ಇಲ್ಲಿ ಅದರ ಪರಿಣಾಮ ಇನ್ನೂ ಘೋರ. ಆ ಚೀಟಿಯನ್ನು ನಂಬಿ ಕುಳಿತವನು ಪ್ರಾಣವನ್ನೇ ಕಳೆದುಕೊಳ್ಳಬಹುದು.

೫

ಮೂಲ ಬೆಲ್ಟು ನಿಜವಾಗಿಯೂ ದೊರೆತರೆ ಅದನ್ನೇ ಬಳಸಬಹುದೇ ಎಂಬುದು ಮುಂದಿನ ಪ್ರಶ್ನೆ. ಬೆಲ್ಟಿನಲ್ಲಿ ಬಕಲು, ಬೋಲ್ಟುಗಳು ಲೋಹದವು. ಜೀವಾಳವಾದ ಪಟ್ಟಿ ನೇಯ್ದ ಬಟ್ಟೆ. ನೇಕಾರರ ಊರಿನವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಹಾಸಿನ ನೂಲುಗಳೇ ಎಳೆತವನ್ನೆಲ್ಲ ಹೊರುತ್ತವೆ; ಹೊಕ್ಕು ಅವನ್ನು ಒತ್ತಾಗಿ ಕೂಡಿಸಿಡುತ್ತದೆ; ಅಂಚು ಹರಿಯತೊಡಗಿದರೆ ಬಟ್ಟೆ ಸೀಳುವುದಕ್ಕೆ ದಾರಿಯಾಯಿತೆಂದೇ ತಿಳಿಯಬೇಕು. ಅಮೆರಿಕದ ಮಾನಕವು ಸೊಂಟದ ಬೆಲ್ಟಿನ ಪಟ್ಟಿ ಸುಮಾರು ೨,೭೦೦ ಕಿಲೋಗ್ರಾಂ ತೂಕದ ಎಳೆತವನ್ನು ತಾಳಬೇಕೆಂದು ವಿಧಿಸಿತು. ಅದು ಹೊಸ ಪಟ್ಟಿಯ ಮಾತು. ನೈಲಾನ್, ಪಾಲಿಯೆಸ್ಟರ್ ನೂಲುಗಳು ಬಿಸಿಲಿನಿಂದಲೂ ತಿಕ್ಕಾಟದಿಂದಲೂ ಕ್ರಮವಾಗಿ ಬಲಗುಂದುತ್ತವೆ. ನಮ್ಮ ಬಯಲುಸೀಮೆಯ ಬಿಸಿಲಿಗೆ ಹತ್ತಾರು ವರ್ಷ ಒಡ್ಡಿಕೊಂಡ ಪಟ್ಟಿ ಕಣ್ಣಿಗೆ ಗಟ್ಟಿಯಾಗಿ ಕಂಡರೂ ನೆಚ್ಚತಕ್ಕದ್ದಲ್ಲ. ಅಪಘಾತದಲ್ಲಿ ಒಮ್ಮೆ ಎಳೆತಕ್ಕೆ ಸಿಕ್ಕಿದ ಬೆಲ್ಟಂತೂ ಮತ್ತೆ ಬಳಕೆಗೆ ಅನರ್ಹ. ಆದಕಾರಣ ಮೂಲ ಬೆಲ್ಟನ್ನು ಚೀಟಿಸಮೇತ ಕತ್ತಲಲ್ಲಿ, ತೇವ ತಾಗದಂತೆ, ಸಂಗ್ರಹವಸ್ತುವಾಗಿ ಕಾಪಾಡಬೇಕು. ರಸ್ತೆಗೆ ಇಳಿಯುವಾಗ ಇಂದಿನ ಮಾನಕಕ್ಕೆ ಒಪ್ಪುವ ಹೊಸ ಬೆಲ್ಟನ್ನೇ ಕಟ್ಟಬೇಕು.

ಬೆಲ್ಟೇ ಇಲ್ಲದಿದ್ದ ಲಾರಿಯ ವಿಷಯದಲ್ಲಿ ಕಷ್ಟ ಇನ್ನೊಂದು ಬಗೆಯದು. ಮರದ ಕಂಬಕ್ಕೆ ಬಿಗಿದ ಭುಜದ ಬೆಲ್ಟು ಅಪಘಾತದ ಎಳೆತಕ್ಕೆ ಕಂಬವನ್ನೇ ಕಿತ್ತು ತರಬಹುದು. ನೆಲಕ್ಕೆ ಭದ್ರವಾಗಿರದ ಆಸನಕ್ಕೆ ಕಟ್ಟಿದ ಸೊಂಟದ ಬೆಲ್ಟು, ಆಸನ ಮುನ್ನುಗ್ಗಿದಾಗ ಚಾಲಕನನ್ನು ರಕ್ಷಿಸಲಾರದು. ಬಲವೆಲ್ಲ ಕೊನೆಗೆ ಉಕ್ಕಿನ ಚಾಸಿಸ್ಸಿಗೆ ಹೋಗಿ ಸೇರುವಂತಹ ಪ್ರತ್ಯೇಕ ಉಕ್ಕಿನ ಚೌಕಟ್ಟು ಬೇಕು; ಅದರ ಯೋಜನೆ ತಜ್ಞ ಎಂಜಿನಿಯರರದ್ದಾಗಬೇಕು. ಆ ಚೌಕಟ್ಟನ್ನು ಮುಂದೆ ಬಿಚ್ಚಿ ತೆಗೆದರೆ ಹಳೆಯ ಮರಗೆಲಸ ಮೊದಲಿನಂತೆಯೇ ಉಳಿದಿರಬೇಕು.

ಕಾನೂನಿನ ದೃಷ್ಟಿಯಿಂದಲೂ ಈ ಎಚ್ಚರ ಅವಶ್ಯ. ೨೦೨೧ರ ಜುಲೈಯಲ್ಲಿ ಕೇಂದ್ರ ಸರ್ಕಾರವು ಪ್ರಕಟಿಸಿದ ವಿಂಟೇಜ್ ವಾಹನಗಳ ನಿಯಮಗಳು ೫೦ ವರ್ಷಗಳಿಗೂ ಹಳೆಯದಾದ, ಮೂಲರೂಪದಲ್ಲಿಯೇ ಉಳಿದಿರುವ, ಚಾಸಿಸ್ಸಿನಲ್ಲಾಗಲಿ ಬಾಡಿಯಲ್ಲಾಗಲಿ ಎಂಜಿನಿನಲ್ಲಾಗಲಿ ಗಣನೀಯ ಮಾರ್ಪಾಡಾಗದ ವಾಹನಗಳಿಗೆ ಮಾನ್ಯತೆ ನೀಡುತ್ತವೆ. ಅವು ವ್ಯಾಪಾರೀ ಬಳಕೆಗಲ್ಲ. ‘ಮೂಲರೂಪ’ವೆಂಬುದು ಹೀಗೆ ವಿದ್ವಾಂಸರ ಪರಿಭಾಷೆಯಾಗಿಯಷ್ಟೇ ಉಳಿಯದೆ ಕಾನೂನಿನ ಮಾತೂ ಆಗಿದೆ. ಇತ್ತ ಬೆಲ್ಟು ಧರಿಸದಿದ್ದವನಿಗೆ ೨೦೧೯ರ ತಿದ್ದುಪಡಿಯು ಸಾವಿರ ರೂಪಾಯಿ ದಂಡವನ್ನು ವಿಧಿಸಿದೆ. ೨೦೨೨ನೆಯ ಒಂದೇ ವರ್ಷದಲ್ಲಿ, ಕೇಂದ್ರ ಸರ್ಕಾರದ ಲೆಕ್ಕದಂತೆ, ಬೆಲ್ಟು ಧರಿಸದೆ ಭಾರತದ ರಸ್ತೆಗಳಲ್ಲಿ ಮಡಿದವರು ೧೬,೭೧೫ ಜನ. ಅವರಲ್ಲಿ ೮,೩೮೪ ಮಂದಿ ಚಾಲಕರು. ಈ ಅಂಕಿಗಳ ಮುಂದೆ ಮೂಲರೂಪದ ನೆಪವೊಡ್ಡಿ ಬೆಲ್ಟಿಲ್ಲದೆ ಲಾರಿಯನ್ನು ಹೆದ್ದಾರಿಗೆ ಒಯ್ಯುವುದು ಸಮರ್ಥನೀಯವಲ್ಲ.

೬

ಮೇಲಿನ ವಿವೇಚನೆಯ ತಾತ್ಪರ್ಯವಿಷ್ಟು. ಹಳೆಯ ಲಾರಿಯಲ್ಲಿ ಬೆಲ್ಟು ಇರಲಿಲ್ಲವೆಂಬುದೂ ಒಂದು ಐತಿಹಾಸಿಕ ಸತ್ಯ. ನಮ್ಮ ಊರುಗಳಿಗೆ ನೂಲನ್ನೂ ಧಾನ್ಯವನ್ನೂ ಹೊತ್ತು ತಂದ ಚಾಲಕರು ಎಂತಹ ಅಪಾಯದ ನಡುವೆ ದುಡಿದರೆಂಬುದಕ್ಕೆ ಆ ಬರಿದಾದ ಆಸನವೇ ಸಾಕ್ಷಿ. ಅದರ ಮೇಲೊಂದು ಹುಸಿ ‘ಮೂಲ ಬೆಲ್ಟ’ನ್ನು ಹೊದಿಸಿದರೆ ಆ ಸಾಕ್ಷ್ಯವನ್ನು ಅಳಿಸಿದಂತಾಗುತ್ತದೆ. ವಸ್ತುಸಂಗ್ರಹಾಲಯದಲ್ಲಿ ನಿಲ್ಲುವ ಲಾರಿಯ ಆಸನ ಬರಿದಾಗಿಯೇ ಇರಲಿ. ಏಕೆ ಬರಿದಾಗಿದೆಯೆಂಬುದನ್ನು ಫಲಕವೊಂದು ತಿಳಿಸಲಿ. ರಸ್ತೆಯ ಮೇಲೆ ಚಲಿಸುವ ಲಾರಿಗೆ ಹೊಸ ಬೆಲ್ಟಿರಲಿ; ಅದು ಹೊಸದೆಂಬುದೂ, ಕಟ್ಟಿದ ವರ್ಷವೂ, ಕಟ್ಟಿದ ಕ್ರಮವೂ ಲಾರಿಯ ಕಾಗದಪತ್ರಗಳಲ್ಲಿ ದಾಖಲಾಗಲಿ. ಹಾಗೆ ಮಾಡಿದಲ್ಲಿ ಲಾರಿಯ ಚರಿತ್ರೆಗೂ ಅದನ್ನು ನಡೆಸುವವನ ಜೀವಕ್ಕೂ ಏಕಕಾಲಕ್ಕೆ ನ್ಯಾಯ ದೊರೆಯುತ್ತದೆ.