ಕೂಫಾದ ಬೀದಿಗಳು

ಹಿಜರಿ 17, ಅಂದರೆ ಕ್ರಿ.ಶ. 638ರಲ್ಲಿ ಖಲೀಫಾ ಉಮರ್(ರ)ರ ಆದೇಶದಂತೆ ಸಅದ್ ಬಿನ್ ಅಬೀ ವಕ್ಕಾಸ್(ರ) ಇರಾಕಿನಲ್ಲಿ ಕೂಫಾ ನಗರವನ್ನು ಸ್ಥಾಪಿಸಿದರು. ಮೊದಲು ಗುರುತಿಸಿದ್ದು ಮಸೀದಿಯ ಸ್ಥಳವನ್ನು. ಬಿಲ್ಲುಗಾರನೊಬ್ಬನು ಅಲ್ಲಿಂದ ದಿಕ್ಕುದಿಕ್ಕಿಗೆ ಬಾಣ ಬಿಟ್ಟನು. ಅವು ಬಿದ್ದ ಎಲ್ಲೆಯಾಚೆಗೆ ಮಾತ್ರ ಮನೆಗಳಿಗೆ ಅನುಮತಿ. ಇತಿಹಾಸಕಾರ ತಬರಿಯವರು ದಾಖಲಿಸಿರುವಂತೆ, ಮುಖ್ಯ ಬೀದಿಗಳಿಗೆ 40 ಮೊಳ, ಅನಂತರದವುಗಳಿಗೆ 30 ಮತ್ತು 20, ಓಣಿಗಳಿಗೆ 7 ಮೊಳ ಅಗಲ. ಅದಕ್ಕಿಂತ ಕಿರಿದು ಕೂಡದು. ದಾರಿಯ ಬಗ್ಗೆ ತಕರಾರೆದ್ದರೆ 7 ಮೊಳ ಬಿಡಬೇಕೆಂದು ಪ್ರವಾದಿವರ್ಯರು(ಸ) ಮೊದಲೇ ತೀರ್ಪಿತ್ತಿದ್ದರು.

ಮನೆ ಕಟ್ಟುವ ಮುನ್ನವೇ ನಡೆಯುವವನ ಹಕ್ಕನ್ನು ಅಳೆದಿಟ್ಟ ಪರಂಪರೆಯಿದು. ಇಂದು ನಾವು ಮನೆಯ ಮೆಟ್ಟಿಲನ್ನು ಬೀದಿಗೆ ಚಾಚುತ್ತೇವೆ. ಜುಮಾಕ್ಕೆ ಬಂದು ಓಣಿಗೆ ಅಡ್ಡಲಾಗಿ ಬೈಕ್ ನಿಲ್ಲಿಸುತ್ತೇವೆ. ದಾರಿಯ ಅಡಚಣೆಯನ್ನು ಸರಿಸುವುದು ಈಮಾನಿನ ಒಂದು ಶಾಖೆಯೆಂದು ಮಕ್ಕಳಿಗೆ ಕಲಿಸುವ ನಾವೇ ಅಡಚಣೆಯಾಗಬಾರದಲ್ಲವೇ?